ಪಿಂಗ್ ಹೋಗುತ್ತದೆ, ಬಿಲ್ ಆಗಲ್ಲ: ಹಾಸನ–ಚಿಕ್ಕಮಗಳೂರು ನಡುವಿನ ಒಂದು ವಿಪಿಎನ್ ಪ್ರಕರಣ

ಹಾಸನದಲ್ಲಿ ಗೋಡೌನ್ ಮತ್ತು ಲೆಕ್ಕದ ಆಫೀಸು. ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಅಂಗಡಿ. ನಡುವೆ ಬೇಲೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬೆಳೆಗಾರರು ಪಿಕಪ್‌ನಲ್ಲಿ ಚೀಲ ತಂದು ಇಳಿಸುತ್ತಾರೆ, ತೂಕ ಆಗುತ್ತದೆ, ಮಾಯಿಶ್ಚರ್ ನೋಡುತ್ತಾರೆ, ಸ್ಯಾಂಪಲ್ ತೆಗೆದು ಔಟ್‌ಟರ್ನ್ (ತಂದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಲೆಕ್ಕ ಹಾಕುತ್ತಾರೆ, ಆಮೇಲೆ 50 ಕೆಜಿಗೆ ಇಷ್ಟು ಅಂತ ದರ ಕುದುರಿಸಿ ಬಿಲ್. ಆ ಬಿಲ್ ಹಾಕುವ ಸಾಫ್ಟ್‌ವೇರ್ ಇರುವುದು ಹಾಸನದ ಒಂದೇ ಒಂದು ಕಂಪ್ಯೂಟರಿನಲ್ಲಿ. ಚಿಕ್ಕಮಗಳೂರಿನ ಹುಡುಗ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದಕ್ಕೆ ಹೋಗಿ ಎಂಟ್ರಿ ಮಾಡಬೇಕು, ಬಿಲ್‌ಗಳ ಪಿಡಿಎಫ್‌ಗಳನ್ನು ಶೇರ್ಡ್ ಫೋಲ್ಡರಿನಿಂದ ಎಳೆದುಕೊಂಡು ಪ್ರಿಂಟ್ ಕೊಡಬೇಕು. ಸಣ್ಣ ವ್ಯವಸ್ಥೆ. ಹಾಸನ, ಚಿಕ್ಕಮಗಳೂರು, ಸಕಲೇಶಪುರ ಕಡೆ ಇಂಥವು ಬೇಕಾದಷ್ಟಿವೆ.

ಹಳೇ ಬ್ರಾಡ್‌ಬ್ಯಾಂಡ್ ಇದ್ದಾಗ ಇದು ನಡೆಯುತ್ತಿತ್ತು. ಹೇಗೆ ಅಂದರೆ ಕೆಟ್ಟದಾಗಿ. ರೂಟರಿನಲ್ಲಿ 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದು ಬಿಟ್ಟಿದ್ದರು, ಅಂದರೆ ಜಗತ್ತಿನ ಯಾರು ಬೇಕಾದರೂ ಆ ಕಂಪ್ಯೂಟರಿನ ಲಾಗಿನ್ ಬಾಗಿಲು ತಟ್ಟಬಹುದಿತ್ತು. ತಟ್ಟುತ್ತಲೂ ಇದ್ದರು. ವಿಂಡೋಸ್‌ನ ಸೆಕ್ಯುರಿಟಿ ಲಾಗ್ ತೆರೆದು 4625 ಅನ್ನುವ ಇವೆಂಟ್ ನಂಬರ್ ಹಾಕಿ ಸೋಸಿದರೆ, ಲಾಗಿನ್ ವಿಫಲ ಆದ ದಾಖಲೆ ಪುಟಗಟ್ಟಲೆ. ಅಡ್ಮಿನ್, ಯೂಸರ್, ಟೆಸ್ಟ್, ಅಕೌಂಟ್ಸ್ ಅಂತ ಒಂದರ ಹಿಂದೊಂದು ಹೆಸರು. ಇದು ಯಾರೋ ಪ್ರತಿಸ್ಪರ್ಧಿ ವ್ಯಾಪಾರಿಯ ಕೆಲಸ ಅಲ್ಲ, ಇಡೀ ಇಂಟರ್ನೆಟ್ಟನ್ನು ಗುಡಿಸುತ್ತಾ ಕೂತಿರುವ ಪ್ರೋಗ್ರಾಮುಗಳ ಕೆಲಸ. ರಿಮೋಟ್ ಡೆಸ್ಕ್‌ಟಾಪ್ ತಾನೇ ಎನ್‌ಕ್ರಿಪ್ಟ್ ಆಗಿರುತ್ತದೆ ನಿಜ, ಆದರೆ ಬಾಗಿಲು ಬೀದಿಗೇ ಇದ್ದ ಮೇಲೆ ಒಳಗಿನ ಮಾತು ಗುಟ್ಟಾಗಿದ್ದು ಏನು ಪ್ರಯೋಜನ?

ಆಮೇಲೆ ಹಾಸನದಲ್ಲಿ ಹೊಸ ಫೈಬರ್ ಹಾಕಿಸಿಕೊಂಡರು. ಸ್ಪೀಡ್ ಬಂತು, ರಿಮೋಟ್ ನಿಂತೇ ಹೋಯಿತು. ರೂಟರಿನ ಹೊರಗಿನ ವಿಳಾಸ ನೋಡಿದರೆ 100.64ರಿಂದ ಶುರುವಾಗುವ ಗುಂಪಿನದು, ಅಂದರೆ ಐಪಿವಿ4ನಲ್ಲಿ (ಇಂಟರ್ನೆಟ್ಟಿನ ಹಳೇ ವಿಳಾಸ ಪದ್ಧತಿ) ಇವರಿಗೆ ಸ್ವಂತ ಪಬ್ಲಿಕ್ ವಿಳಾಸವೇ ಇಲ್ಲ, ನೂರಾರು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ. ಹೊರಗಿನಿಂದ ಒಳಗೆ ಬರುವ ದಾರಿ ಬಂದ್. ಯಜಮಾನರು ಫೋನ್ ಮಾಡಿ ಕೇಳಿದ್ದು ಇಷ್ಟೇ: "ಏನಪ್ಪಾ, ದುಡ್ಡು ಜಾಸ್ತಿ ಕೊಟ್ಟು ಹೊಸ ಲೈನ್ ಹಾಕ್ಸಿದ್ರೆ ಇದ್ದಿದ್ದೂ ಹೋಯ್ತಲ್ಲ?"

ನನ್ನ ಮಟ್ಟಿಗೆ ಅದು ಹೋಗಿದ್ದೇ ಒಳ್ಳೆಯದಾಯಿತು. ಪೋರ್ಟ್ ತೆರೆಯುವ ಮಾತೇ ಬೇಡ, ಎರಡೂ ಊರಿನ ನಡುವೆ ಎನ್‌ಕ್ರಿಪ್ಟ್ ಆದ ಟನಲ್, ಅಂದರೆ ಇಂಟರ್ನೆಟ್ಟಿನ ಮೇಲೇ ನಮಗೆ ಮಾತ್ರ ಓದಲು ಬರುವ ಖಾಸಗಿ ದಾರಿ (ವಿಪಿಎನ್), ಹಾಕೋಣ ಅಂತ ಆಯಿತು. ಮಳೆಗಾಲ, ಖರೀದಿ ಇಲ್ಲದ ಸಮಯ. ಅರೇಬಿಕಾ ಬರಲು ಶುರುವಾಗುವ ಹೊತ್ತಿಗೆ ಎಲ್ಲ ಸರಿ ಇದ್ದರೆ ಸಾಕು.

ಟನಲ್‌ಗೆ ಆರಿಸಿಕೊಂಡದ್ದು ವೈರ್‌ಗಾರ್ಡ್ ಅನ್ನುವ ವಿಪಿಎನ್. ಐಪಿಸೆಕ್ ಅನ್ನುವ ಹಳೇ ವಿಧಾನದಲ್ಲೂ ಮಾಡಬಹುದಿತ್ತು, ಆದರೆ ಅಲ್ಲಿ ಎರಡೂ ಕಡೆಯ ಆಯ್ಕೆಗಳನ್ನು ಹೊಂದಿಸುವುದೇ ಒಂದು ಕೆಲಸ. ವೈರ್‌ಗಾರ್ಡ್‌ನಲ್ಲಿ ಆರಿಸುವುದಕ್ಕೇ ಏನೂ ಇಲ್ಲ, ಒಂದೇ ಸೈಫರ್ (ಎನ್‌ಕ್ರಿಪ್ಟ್ ಮಾಡುವ ಸೂತ್ರ): ಚಾಚಾ20–ಪಾಲಿ1305. ಎಇಎಸ್ ಅನ್ನುವ ಇನ್ನೊಂದು ಸೈಫರಿಗೆ ಬೇಕಾದ ಹಾರ್ಡ್‌ವೇರ್ ಇಲ್ಲದ ಸಣ್ಣ ರೂಟರಿನಲ್ಲೂ ಅದು ಚೆನ್ನಾಗಿ ಓಡುತ್ತದೆ. 2020ರಲ್ಲಿ ಲಿನಕ್ಸ್ 5.6 ಕರ್ನಲ್ ಒಳಗೇ ಸೇರಿದ ಮೇಲೆ ರೂಟರ್ ಕಂಪನಿಗಳೂ ಅದನ್ನು ಕೊಡತೊಡಗಿದವು. ಹಾಸನದಲ್ಲಿ ಆಗಲೇ ಒಂದು ಮೈಕ್ರೋಟಿಕ್ ರೂಟರ್ ಇತ್ತು, ರೂಟರ್‌ಓಎಸ್ 7ಕ್ಕೆ ಏರಿಸಿದರೆ ವೈರ್‌ಗಾರ್ಡ್ ಸಿಗುತ್ತದೆ. ಚಿಕ್ಕಮಗಳೂರಿನ ಅಂಗಡಿಯ ಡೆಸ್ಕ್‌ಟಾಪಿಗೂ, ಖರೀದಿಗೆ ಆಲ್ದೂರು, ಮೂಡಿಗೆರೆ ಕಡೆ ಸುತ್ತುವವರ ಲ್ಯಾಪ್‌ಟಾಪಿಗೂ ವಿಂಡೋಸ್ ಆ್ಯಪ್ ಹಾಕಿದೆ. ಅದನ್ನು ಹಾಕಿ ಟನಲ್ ಚಾಲೂ ಮಾಡಿದರೆ ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿಯಲ್ಲಿ ಈಥರ್ನೆಟ್, ವೈಫೈ ಜೊತೆಗೆ ಇನ್ನೊಂದು ಹೊಸ ಅಡಾಪ್ಟರ್ ಬಂದು ಕೂರುತ್ತದೆ. ಅದು ನಿಜವಾದ ಕಾರ್ಡ್ ಅಲ್ಲ, ಆದರೆ ವಿಂಡೋಸ್ ಅದನ್ನು ಕಾರ್ಡಿನ ಹಾಗೇ ನೋಡುತ್ತದೆ: ಐಪಿ ವಿಳಾಸ ಇದೆ, ಫೈರ್‌ವಾಲ್ ಪ್ರೊಫೈಲ್ ಇದೆ, ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಅಳತೆ) ಇದೆ. ಈ ಕೊನೆಯದರ ಕಥೆಯೇ ಈ ಪ್ರಕರಣ.

ಹಾಸನದ ಲೈನಿಗೆ ಐಪಿವಿ4ನಲ್ಲಿ ವಿಳಾಸ ಇಲ್ಲದಿದ್ದರೂ ಹೊಸ ಪದ್ಧತಿಯಾದ ಐಪಿವಿ6ನಲ್ಲಿ ಇತ್ತು. ಚಿಕ್ಕಮಗಳೂರಿನ ಫೈಬರಿಗೂ ಇತ್ತು. ಹಾಗಾಗಿ ಟನಲ್ ಐಪಿವಿ6 ಮೇಲೆ ಓಡುತ್ತದೆ, ಅದರೊಳಗೆ ಎಂದಿನ 192.168ರ ಐಪಿವಿ4 ಪ್ಯಾಕೆಟ್‌ಗಳು ಹೋಗುತ್ತವೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಬರುವ ಚಿಲ್ಲರೆ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಊರಿನ ರೂಟರ್ 192.168.1 ಗುಂಪಿನ ವಿಳಾಸವನ್ನೇ ಹಂಚುತ್ತಿತ್ತು. ಹಾಗಿದ್ದರೆ ಚಿಕ್ಕಮಗಳೂರಿನ ಕಂಪ್ಯೂಟರ್ ಹಾಸನದ ಮೆಷಿನನ್ನು ತನ್ನ ಅಂಗಡಿಯೊಳಗೇ ಹುಡುಕುತ್ತದೆ, ಟನಲ್ ಕಡೆ ತಿರುಗಿಯೂ ನೋಡುವುದಿಲ್ಲ. ಹಾಸನವನ್ನು 192.168.40ಕ್ಕೆ ಬದಲಿಸಿದೆ. ರಿಮೋಟ್ ಡೆಸ್ಕ್‌ಟಾಪ್ ಬಂತು, ಶೇರ್ಡ್ ಫೋಲ್ಡರ್ ಬರಲಿಲ್ಲ. ಅದಕ್ಕೆ ಕಾರಣ ಹಾಸನದ ವಿಂಡೋಸ್ ಫೈರ್‌ವಾಲ್: ಪ್ರೈವೇಟ್ ಪ್ರೊಫೈಲಿನಲ್ಲಿ ಫೈಲ್ ಶೇರಿಂಗ್ ರೂಲ್ ಅನುಮತಿ ಕೊಡುವುದು ತನ್ನದೇ ಸಬ್‌ನೆಟ್ಟಿನವರಿಗೆ (ಒಂದೇ ವಿಳಾಸ ಗುಂಪಿನವರಿಗೆ) ಮಾತ್ರ, ಟನಲ್ ವಿಳಾಸದಿಂದ ಬಂದವರು ಅದರ ಲೆಕ್ಕದಲ್ಲಿ ಹೊರಗಿನವರು. ಆ ರೂಲಿನ ಸ್ಕೋಪ್‌ಗೆ ಟನಲ್ ಗುಂಪಿನ ವಿಳಾಸ ಸೇರಿಸಿದರೆ ಮುಗಿಯಿತು, ಫೈರ್‌ವಾಲನ್ನೇ ಆಫ್ ಮಾಡುವ ಶಾರ್ಟ್‌ಕಟ್ ಬೇಡ. ಮೂರನೆಯದು ಲ್ಯಾಪ್‌ಟಾಪಿನದು. ಅಲೌಡ್ ಐಪಿ (ಯಾವ ವಿಳಾಸಗಳು ಟನಲ್‌ನಲ್ಲಿ ಹೋಗಬೇಕು ಅನ್ನುವುದು) ಜಾಗದಲ್ಲಿ 0.0.0.0/0, ಅಂದರೆ ಎಲ್ಲ ವಿಳಾಸ, ಅಂತ ಹಾಕಿದ ಕಾನ್ಫಿಗ್ ಯಾರೋ ಎಲ್ಲಿಂದಲೋ ನಕಲು ಮಾಡಿ ತಂದಿದ್ದರು. ಹಾಗೆ ಹಾಕಿದರೆ ಟನಲ್ ಬಿಟ್ಟು ಬೇರೆ ಟ್ರಾಫಿಕ್ಕೇ ಹೋಗದ ಹಾಗೆ ಆ್ಯಪ್ ತಡೆಯುತ್ತದೆ, ಪಕ್ಕದ ಮೇಜಿನ ಪ್ರಿಂಟರೂ ಸಿಗದು. ಇವರಿಗೆ ಬೇಕಾಗಿದ್ದು ಹಾಸನದ ಗುಂಪಿಗೆ ಮಾತ್ರ ದಾರಿ, ಅಷ್ಟನ್ನೇ ಬರೆದರೆ ಸರಿ.

ಇಷ್ಟಾದ ಮೇಲೆ ಅಸಲಿ ದೂರು ಬಂತು.

ಅಂಗಡಿಯ ಹುಡುಗ ಕನೆಕ್ಟ್ ಒತ್ತುತ್ತಾನೆ. ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋಗುತ್ತದೆ. ಹಾಸನದ ಸ್ಕ್ರೀನ್ ಬರಬೇಕಾದ ಜಾಗದಲ್ಲಿ ಕಪ್ಪು. ಸ್ವಲ್ಪ ಹೊತ್ತು ಹಾಗೇ ಕೂತು ಕನೆಕ್ಷನ್ ಕಡಿದು ಹೋಗುತ್ತದೆ. ಶೇರ್ಡ್ ಫೋಲ್ಡರಿನಲ್ಲಿ ನಾಲ್ಕು ಫೈಲ್ ಇರುವ ಫೋಲ್ಡರ್ ತೆರೆಯುತ್ತದೆ, ಇಡೀ ಸೀಸನ್ನಿನ ಬಿಲ್‌ಗಳಿರುವ ಫೋಲ್ಡರ್ ತೆರೆದರೆ ಹಸಿರು ಪಟ್ಟಿ ತೆವಳಿ ತೆವಳಿ ನಿಲ್ಲುತ್ತದೆ. ಆದರೆ ಪಿಂಗ್ ಮಾಡಿದರೆ, ಅಂದರೆ ಆ ಕಡೆಯ ಮೆಷಿನ್ ಇದೆಯಾ ಅಂತ ಸಣ್ಣ ಪ್ಯಾಕೆಟ್ ಕಳಿಸಿ ಕೇಳಿದರೆ? ಒಂದೂ ತಪ್ಪದೆ ಉತ್ತರ. ವೈರ್‌ಗಾರ್ಡ್ ಆ್ಯಪ್‌ನಲ್ಲಿ ಹ್ಯಾಂಡ್‌ಶೇಕ್ (ಎರಡೂ ತುದಿ ಪರಸ್ಪರ ಗುರುತು ಹಿಡಿಯುವುದು) ಈಗಷ್ಟೇ ಆಗಿದೆ ಅಂತ ಹಸಿರು ದೀಪ. "ಸಾರ್, ನೀವು ಕನೆಕ್ಟ್ ಆಗಿದೆ ಅಂತೀರ, ನಂಗೆ ಇಲ್ಲಿ ಕರ್ರಗೆ ಕಾಣ್ತಿದೆ" ಅಂತ ಅವನು. ಇಬ್ಬರು ಹೇಳುವುದೂ ನಿಜ.

ಇದರ ಮೇಲೆ ಇನ್ನೊಂದು ವಿಚಿತ್ರ. ಅದೇ ಡೆಸ್ಕ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿದರೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಫೈಬರಿಗೆ ವಾಪಸ್ ಹಾಕಿದರೆ ಕಪ್ಪು. ಸಹಜವಾಗಿ ಎಲ್ಲರ ಬೆರಳು ಫೈಬರಿನವರ ಕಡೆ ತಿರುಗಿತು. ಅವರ ಕಡೆಯ ಹುಡುಗ ಬಂದ, ಸ್ಪೀಡ್ ಟೆಸ್ಟ್ ಹಾಕಿದ, ಹೇಳಿದಷ್ಟು ಸ್ಪೀಡ್ ಬಂತು, ಯೂಟ್ಯೂಬ್ ಹಾಕಿ ತೋರಿಸಿದ, ಲೈನ್ ಸರಿ ಇದೆ ಅಂತ ಹೋದ. ಅವನು ಹೇಳಿದ್ದೂ ತಪ್ಪಲ್ಲ.

ನೆಟ್ಟಿನಲ್ಲಿ ಹುಡುಕಿದರೆ ಇಂಥ ತೊಂದರೆಗೆ ಮೊದಲು ಸಿಗುವ ಸಲಹೆ, ಕಾರ್ಡಿನ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಲಾರ್ಜ್ ಸೆಂಡ್ ಆಫ್‌ಲೋಡ್ (ದೊಡ್ಡ ಡೇಟಾವನ್ನು ತುಂಡು ಮಾಡುವ ಕೆಲಸ ಕಾರ್ಡಿಗೇ ಬಿಡುವುದು) ಆಫ್ ಮಾಡಿ, ಪವರ್ ಸೇವಿಂಗ್ ತೆಗೆಯಿರಿ, ಡ್ರೈವರ್ ಬದಲಿಸಿ ಅನ್ನುವುದು. ಅಂಗಡಿಯಲ್ಲಿ ಅದೂ ಮಾಡಿ ನೋಡಿದ್ದರು, ಫಲ ಇಲ್ಲ. ಆಗುವುದೂ ಇಲ್ಲ, ಯಾಕೆಂದರೆ ಆ ಆಫ್‌ಲೋಡ್ ಇರುವುದು ಟಿಸಿಪಿಗೆ (ತಲುಪಿದ್ದನ್ನು ಖಚಿತ ಮಾಡಿಕೊಂಡು ಕಳಿಸುವ ಪದ್ಧತಿ). ಟನಲ್‌ನಿಂದ ಕಾರ್ಡಿಗೆ ಇಳಿಯುವುದು ಯುಡಿಪಿ, ಅಂಥ ಖಾತ್ರಿ ಇಲ್ಲದೆ ಸುಮ್ಮನೆ ಕಳಿಸುವ ಪದ್ಧತಿ.

ಚಿಕ್ಕದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಈ ಲಕ್ಷಣ ಕಂಡರೆ ನಾನು ಬೇರೆ ಎಲ್ಲೂ ನೋಡುವುದಿಲ್ಲ, ನೇರ ಎಂಟಿಯುಗೆ ಹೋಗುತ್ತೇನೆ. ವಿಂಡೋಸ್ ಪಿಂಗ್ ಸುಮ್ನೆ ಕಳಿಸಿದರೆ ಹೋಗುವುದು 32 ಬೈಟ್ ಡೇಟಾ. ವೈರ್‌ಗಾರ್ಡ್ ಹ್ಯಾಂಡ್‌ಶೇಕಿನ ಮೊದಲ ಸಂದೇಶ 148 ಬೈಟ್, ಉತ್ತರ 92. ಇವೆಲ್ಲ ಎಂಥ ಇಕ್ಕಟ್ಟಿನಲ್ಲೂ ತೂರುತ್ತವೆ. ರಿಮೋಟ್ ಡೆಸ್ಕ್‌ಟಾಪಿನ ಸ್ಕ್ರೀನ್ ಚಿತ್ರ ಬರುವಾಗ ಮಾತ್ರ ಪ್ಯಾಕೆಟ್ ತುಂಬಿ ತುಂಬಿ ಬರುತ್ತದೆ, ಸಿಕ್ಕಿಕೊಳ್ಳುವುದು ಅಲ್ಲಿ.

ಲೆಕ್ಕ ಹೀಗಿದೆ. ಈಥರ್ನೆಟ್ ಮೇಲೆ ಒಂದು ಐಪಿ ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್. ವೈರ್‌ಗಾರ್ಡ್ ಒಳಗಿನ ಪ್ಯಾಕೆಟ್ಟನ್ನು ಎನ್‌ಕ್ರಿಪ್ಟ್ ಮಾಡಿ ಸುತ್ತ ತನ್ನ 32 ಬೈಟ್ ಸೇರಿಸುತ್ತದೆ, ಅದರ ಮೇಲೆ ಯುಡಿಪಿಯ 8, ಅದರ ಮೇಲೆ ಐಪಿ ಹೆಡರ್ (ವಿಳಾಸದ ಚೀಟಿ). ಐಪಿವಿ4 ಆದರೆ 20, ಐಪಿವಿ6 ಆದರೆ 40. ಅಂದರೆ ಒಟ್ಟು 60 ಅಥವಾ 80. ದೊಡ್ಡದನ್ನೇ ಹಿಡಿದು 1500ರಲ್ಲಿ 80 ಕಳೆದರೆ 1420, ವೈರ್‌ಗಾರ್ಡ್‌ನ ಎಂದಿನ ಎಂಟಿಯು ಬಂದದ್ದು ಹಾಗೆ. ಮೂಟೆಯನ್ನು ಇನ್ನೊಂದು ಗೋಣಿಚೀಲದಲ್ಲಿ ಹಾಕಿ ಹೊಲಿದ ಹಾಗೆ: ಒಳಗಿನದು ಸ್ವಲ್ಪ ಸಣ್ಣದಿರಲೇಬೇಕು, ಇಲ್ಲದಿದ್ದರೆ ಗೋಡೌನ್ ಬಾಗಿಲಲ್ಲಿ ತೂರುವುದಿಲ್ಲ.

ಹಾಸನದ ಲೈನ್ ನೇರ ಡಿಎಚ್‌ಸಿಪಿ (ಲಾಗಿನ್ ಇಲ್ಲದೆ ತಾನೇ ವಿಳಾಸ ಸಿಗುವ ಪದ್ಧತಿ), ಪೂರಾ 1500 ಸಿಗುತ್ತದೆ. ಚಿಕ್ಕಮಗಳೂರಿನದು ಪಿಪಿಪಿಓಇ, ಅಂದರೆ ಫೈಬರ್ ಡಬ್ಬಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲೈನಿಗೆ ಏರುವ ಪದ್ಧತಿ. ಅದಕ್ಕೆ 8 ಬೈಟ್ ಹೋಗುತ್ತದೆ, ಉಳಿಯುವುದು 1492. ಟನಲ್ ಐಪಿವಿ4 ಮೇಲೆ ಓಡಿದ್ದರೆ 1420ಕ್ಕೆ 60 ಸೇರಿ 1480, ಆರಾಮಾಗಿ ಹೋಗುತ್ತಿತ್ತು. ಅದಕ್ಕೇ ಪಿಪಿಪಿಓಇ ಲೈನ್ ಇರುವ ಎಷ್ಟೋ ಜನರಿಗೆ ಈ ತೊಂದರೆ ಕಾಣಿಸುವುದೇ ಇಲ್ಲ. ಇಲ್ಲಿ ಐಪಿವಿ6. 1420ಕ್ಕೆ 80 ಸೇರಿ 1500. ಬಾಗಿಲು 1492. ಎಂಟೇ ಬೈಟ್ ಜಾಸ್ತಿ.

ವಿಂಡೋಸ್‌ನ ವೈರ್‌ಗಾರ್ಡ್ ಆ್ಯಪ್ ಕಾನ್ಫಿಗ್‌ನಲ್ಲಿ ಎಂಟಿಯು ಬರೆಯದಿದ್ದರೆ ತಾನೇ ಲೆಕ್ಕ ಹಾಕುತ್ತದೆ, ಆದರೆ ಅದು ನೋಡುವುದು ತನ್ನ ಕಂಪ್ಯೂಟರಿನ ಕಾರ್ಡನ್ನು. ಕಾರ್ಡಿನಿಂದ ಡಬ್ಬಿಯವರೆಗಿನ ಕೇಬಲ್ 1500ರದು. ಡಬ್ಬಿಯ ಆಚೆ ಇಕ್ಕಟ್ಟಾಗುವುದು ಅಡಾಪ್ಟರಿಗೆ ಹೇಗೆ ಗೊತ್ತಾಗಬೇಕು? 1420 ಅಂತಲೇ ಇಟ್ಟುಕೊಂಡಿತ್ತು.

ಹಾಗಾದರೆ ಯೂಟ್ಯೂಬ್ ಯಾಕೆ ಬಂತು? ಅದೇ 1492ರ ಬಾಗಿಲಲ್ಲಿ ತಾನೇ ಅದೂ ಬರುವುದು. ಇದು ನನಗೆ ಈ ಪ್ರಕರಣದ ಮುಖ್ಯ ಸಂಗತಿ. ಪಿಪಿಪಿಓಇ ಮಾಡುವ ಡಬ್ಬಿಗಳು ಸಾಮಾನ್ಯವಾಗಿ ಒಂದು ಉಪಕಾರ ಮಾಡುತ್ತಿರುತ್ತವೆ. ಟಿಸಿಪಿ ಕನೆಕ್ಷನ್ ಶುರುವಾಗುವಾಗ ಎರಡೂ ಕಡೆಯವರು "ನನಗೆ ಒಂದು ಸಲಕ್ಕೆ ಇಷ್ಟು ಬೈಟ್ ಕಳಿಸು" ಅಂತ ಎಂಎಸ್‌ಎಸ್ ಹೇಳಿಕೊಳ್ಳುತ್ತಾರೆ. ಡಬ್ಬಿ ಆ ಮಾತಿನ ಮಧ್ಯೆ ಕೈ ಹಾಕಿ 1460 ಅಂತ ಇದ್ದದ್ದನ್ನು 1452 ಅಂತ ತಿದ್ದಿ ಬಿಡುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲ ಸರಿಯಾಗಿ ನಡೆಯುತ್ತದೆ. ಈಗ ನಾವು ಟನಲ್ ಹಾಕಿದೆವು. ಟಿಸಿಪಿ ಮಾತು ಈಗ ಎನ್‌ಕ್ರಿಪ್ಟ್ ಆದ ಯುಡಿಪಿ ಪ್ಯಾಕೆಟ್ಟಿನ ಹೊಟ್ಟೆಯೊಳಗೆ. ಡಬ್ಬಿಗೆ ಅದು ಕಾಣುವುದಿಲ್ಲ. ಕಾಣಬಾರದು ಅಂತಲೇ ತಾನೇ ನಾವು ಹಾಕಿದ್ದು! ಕದ್ದು ನೋಡುವವರ ಕಣ್ಣು ಕಟ್ಟಿದರೆ ಉಪಕಾರ ಮಾಡುವವರ ಕಣ್ಣೂ ಕಟ್ಟಿದಂತೆಯೇ. ಅಲ್ಲಿಯವರೆಗೆ ಡಬ್ಬಿ ನೋಡಿಕೊಳ್ಳುತ್ತಿದ್ದ ಲೆಕ್ಕ ಇನ್ನು ಟನಲ್ ಹಾಕಿದವರ ತಲೆ ಮೇಲೆ.

ಐಪಿವಿ6ನಲ್ಲಿ ಇನ್ನೊಂದು ನಿಯಮ ಇದೆ. ದಾರಿಯ ಮಧ್ಯದ ರೂಟರ್ ದೊಡ್ಡ ಪ್ಯಾಕೆಟ್ಟನ್ನು ತುಂಡು ಮಾಡುವ ಹಾಗಿಲ್ಲ. ಬಿಸಾಕಿ, ಕಳಿಸಿದವನಿಗೆ "ಪ್ಯಾಕೆಟ್ ದೊಡ್ಡದಾಯಿತು, ನನ್ನ ಮಿತಿ ಇಷ್ಟು" ಅಂತ ಐಸಿಎಂಪಿವಿ6 ಸಂದೇಶ (ಜಾಲದ ದೂರು, ಸೂಚನೆ ಹೊತ್ತು ಬರುವಂಥದ್ದು) ವಾಪಸ್ ಕಳಿಸಬೇಕು. ಟೈಪ್ 2 ಅಂತ ಅದರ ನಂಬರ್. ಹಾಸನದ ರೂಟರಿನ ಫೈರ್‌ವಾಲ್ ನೋಡಿದರೆ, ಹಿಂದೆ ಯಾರೋ "ಪಿಂಗ್ ಬರಬಾರದು, ಸೇಫ್" ಅನ್ನುವ ಧೋರಣೆಯಲ್ಲಿ ಐಸಿಎಂಪಿವಿ6ನ 133ರಿಂದ 136ರವರೆಗಿನ ಟೈಪ್‌ಗಳನ್ನು (ರೂಟರ್, ಅಕ್ಕಪಕ್ಕದ ಮೆಷಿನ್ ಹುಡುಕುವವು) ಮಾತ್ರ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಡ್ರಾಪ್ ಹಾಕಿದ್ದರು. ಆ ನಾಲ್ಕನ್ನೂ ತಡೆದಿದ್ದರೆ ಐಪಿವಿ6ಏ ನಿಂತು ಹೋಗಿ ತಪ್ಪು ಅವತ್ತೇ ಗೊತ್ತಾಗುತ್ತಿತ್ತು, ಅಷ್ಟು ತಿಳಿದವರೇ ಮಾಡಿದ್ದು. ಚಿಕ್ಕಮಗಳೂರಿನಿಂದ ಆ ದೊಡ್ಡ ಫೋಲ್ಡರ್ ತೆರೆಸಿ, ಇತ್ತ ಡ್ರಾಪ್ ರೂಲಿನ ಕೌಂಟರ್ ನೋಡುತ್ತಾ ಕೂತರೆ, ಅಲ್ಲಿ ಹಸಿರು ಪಟ್ಟಿ ನಿಂತಾಗಲೆಲ್ಲ ಇಲ್ಲಿ ನಂಬರ್ ಏರುತ್ತಿತ್ತು. ದಾರಿಯಲ್ಲಿರುವ ರೂಟರ್ ಕೂಗಿ ಹೇಳುತ್ತಿದೆ, ನಮ್ಮದೇ ಬಾಗಿಲು ಹಾಕಿದೆ.

ಮೊಬೈಲ್ ಹಾಟ್‌ಸ್ಪಾಟ್ ಯಾಕೆ ನಡೆಯಿತು ಅನ್ನುವುದಕ್ಕೂ ಇಲ್ಲೇ ಉತ್ತರ. ಆ ದಾರಿಯಲ್ಲಿ ಪಿಪಿಪಿಓಇ ಇರಲಿಲ್ಲ, 1500 ಪೂರಾ ಹೋಗುತ್ತಿತ್ತು.

ಟೈಪ್ 2ಕ್ಕೆ ಅನುಮತಿ ಕೊಟ್ಟೆ. ಕೊಡಲೇಬೇಕು, ಐಪಿವಿ6 ಓಡಿಸುವ ಯಾರೂ ಅದನ್ನು ತಡೆಯಬಾರದು. ಆದರೆ ಅಷ್ಟನ್ನೇ ನಂಬಿ ಕೂರುವ ಹಾಗಿಲ್ಲ. ಮಿತಿ ಗೊತ್ತಾದ ಮೇಲೆ ಹಾಸನದ ರೂಟರ್ ಹೊರಗಿನ ಪ್ಯಾಕೆಟ್ಟನ್ನು ಎರಡು ತುಂಡು ಮಾಡಿ ಕಳಿಸುತ್ತದೆ, ತುಂಡಾದ ಐಪಿವಿ6 ಪ್ಯಾಕೆಟ್ಟನ್ನು ಕಂಡರೆ ಬಿಸಾಕುವ ಉಪಕರಣಗಳು ಇಂಟರ್ನೆಟ್ಟಿನ ತುಂಬ ಇವೆ. ತುಂಡಾಗದ ಹಾಗೆ ಮೊದಲೇ ಸಣ್ಣದಾಗಿ ಕಳಿಸುವುದೇ ಸರಿಯಾದ ದಾರಿ.

ಸೆಟ್ಟಿಂಗ್ ಮುಟ್ಟುವ ಮೊದಲು ಅಳತೆ ಮಾಡಬೇಕು, ಊಹೆ ಬೇಡ. ಟೈಪ್ 2 ಬಿಡುವ ಮೊದಲೇ ಮಾಡಿದ ಅಳತೆ ಇದು. ವಿಂಡೋಸ್ ಪಿಂಗ್‌ನಲ್ಲಿ ತುಂಡು ಮಾಡಬೇಡ ಅನ್ನುವ ಆಯ್ಕೆ ಇದೆ, ಡೇಟಾ ಎಷ್ಟು ಬೈಟ್ ಅನ್ನುವ ಆಯ್ಕೆಯೂ ಇದೆ. ಕೊಟ್ಟ ಸಂಖ್ಯೆಗೆ ಹೆಡರ್‌ಗಳ 28 ಸೇರಿಸಿದರೆ ಪ್ಯಾಕೆಟ್ಟಿನ ಪೂರ್ತಿ ಅಳತೆ. 1492ರಲ್ಲಿ 80 ಹೋದರೆ 1412, ಅದರಲ್ಲಿ 28 ಹೋದರೆ 1384. ಹಾಗಾಗಿ 1384 ಹೋಗಬೇಕು, 1385 ನಿಲ್ಲಬೇಕು ಅಂತ ಲೆಕ್ಕ. ಆದರೆ 1384 ಹೋಗಲೇ ಇಲ್ಲ. ಕೆಳಗೆ ಇಳಿಸುತ್ತಾ ಬಂದರೆ 1380ಕ್ಕೆ ಉತ್ತರ ಬಂತು. 1381 ಹಾಕಿದರೆ ಮತ್ತೆ ಇಲ್ಲ. ಎಷ್ಟು ಸಲ ಹಾಕಿದರೂ ಅದೇ ಗೆರೆ.

ಲೆಕ್ಕಕ್ಕಿಂತ ನಾಲ್ಕು ಬೈಟ್ ಕಮ್ಮಿ. ಸುಮ್ನೆ 1380 ಅಂತ ಒಪ್ಪಿಕೊಂಡು ಮುಂದೆ ಹೋಗಬಹುದಿತ್ತು, ಹೆಚ್ಚಿನವರು ಹಾಗೇ ಮಾಡುತ್ತಾರೆ. ಆದರೆ ಈ ನಾಲ್ಕು ಬೈಟಿನ ಹಿಂದೆ ಒಂದು ಕೆಲಸಕ್ಕೆ ಬರುವ ವಿಷಯ ಇದೆ. ವೈರ್‌ಗಾರ್ಡ್ ಒಳಗಿನ ಪ್ಯಾಕೆಟ್ಟನ್ನು ಇದ್ದ ಅಳತೆಯಲ್ಲೇ ಎನ್‌ಕ್ರಿಪ್ಟ್ ಮಾಡುವುದಿಲ್ಲ. 16ರ ಗುಣಕಕ್ಕೆ ಬರುವ ತನಕ ಸೊನ್ನೆ ತುಂಬುತ್ತದೆ, ಹೊರಗಿನಿಂದ ನೋಡುವವರಿಗೆ ಒಳಗಿನ ಸರಿಯಾದ ಅಳತೆ ಗೊತ್ತಾಗದಿರಲಿ ಅಂತ. ತುಂಬುವುದಕ್ಕೂ ಒಂದು ಮಿತಿ ಇದೆ: ತನ್ನ ಅಡಾಪ್ಟರಿನ ಎಂಟಿಯು ದಾಟುವುದಿಲ್ಲ. 1380ರ ಪಿಂಗ್ ಅಂದರೆ ಪ್ಯಾಕೆಟ್ 1408. ಅದು 16ರ 88 ಪಟ್ಟು, ತುಂಬಲು ಏನೂ ಇಲ್ಲ, ಹೊರಗೆ 1488 ಆಗಿ ಬಾಗಿಲು ದಾಟುತ್ತದೆ. 1381 ಅಂದರೆ 1409. ಮುಂದಿನ ಗುಣಕ 1424, ಆದರೆ ಎಂಟಿಯು 1420, ಹಾಗಾಗಿ 1420ರ ತನಕ ತುಂಬುತ್ತದೆ. ಹೊರಗೆ ಅದು 1500. ಢಮಾರ್. ಅಂದರೆ ಒಂದೇ ಒಂದು ಬೈಟ್ ಹೆಚ್ಚಾದರೆ ಹೊರಗಿನ ಪ್ಯಾಕೆಟ್ 12 ಬೈಟ್ ಉಬ್ಬುತ್ತದೆ.

ಇದು ಬರೀ ಕುತೂಹಲದ ವಿಷಯ ಅಲ್ಲ. ಮೊದಲು ಚಿಕ್ಕಮಗಳೂರಿನ ಅಡಾಪ್ಟರಿಗೆ ಮಾತ್ರ 1412 ಹಾಕಿ ನೋಡಿದೆವು. ಕಾಗದದ ಮೇಲೆ ಅಷ್ಟು ಸಾಕು: ಅಂಗಡಿಯ ಕಂಪ್ಯೂಟರ್ ಇನ್ನು ಮುಂದೆ ಎಂಎಸ್‌ಎಸ್ 1372 ಅಂತ ಹೇಳುತ್ತದೆ, ಹಾಸನದ ಕಂಪ್ಯೂಟರ್ ಅದಕ್ಕೆ ತಕ್ಕ ಹಾಗೆ 1412ರ ಪ್ಯಾಕೆಟ್ ಕಳಿಸುತ್ತದೆ, ಹೊರಗೆ 1492 ಆಗಬೇಕು. ಆಗಲಿಲ್ಲ, ಸ್ಕ್ರೀನ್ ಮತ್ತೆ ಕಪ್ಪು. ಯಾಕೆಂದರೆ ಹಾಸನದ ರೂಟರಿನ ವೈರ್‌ಗಾರ್ಡ್ ಇಂಟರ್‌ಫೇಸ್ ಇನ್ನೂ 1420ರಲ್ಲೇ ಇತ್ತು. 1412 ಅನ್ನುವುದು 16ರ ಗುಣಕ ಅಲ್ಲ. ರೂಟರ್ ಅದಕ್ಕೆ 8 ಬೈಟ್ ಸೊನ್ನೆ ತುಂಬಿ 1420 ಮಾಡಿ ಕಳಿಸುತ್ತಿತ್ತು, ಹೊರಗೆ ಅದೇ 1500. ಒಂದು ಕಡೆ ಮಾತ್ರ ಬದಲಿಸಿ "ಎಂಟಿಯು ಇಳಿಸಿದೆವು, ಏನೂ ಉಪಯೋಗ ಆಗಲಿಲ್ಲ" ಅಂತ ಕೈಬಿಡುವವರಲ್ಲಿ ಕೆಲವರಿಗಾದರೂ ಇದೇ ಆಗಿರಬೇಕು ಅಂತ ನನ್ನ ಅನುಮಾನ.

ರೂಟರಿನ ಕಡೆಯೂ 1412 ಹಾಕಿದ ಮೇಲೆ 1384ರ ಪಿಂಗ್ ಹೋಯಿತು. ಹಾಸನದ ಸ್ಕ್ರೀನ್ ಚಿಕ್ಕಮಗಳೂರಿನಲ್ಲಿ ಪೂರಾ ಮೂಡಿತು, ವಾಲ್‌ಪೇಪರಿನಲ್ಲಿದ್ದ ದೇವರ ಫೋಟೋ ಸಮೇತ. ಲೆಕ್ಕ ನೋಡುವ ಮೇಡಂ ಆ ಮೆಷಿನಿನಲ್ಲೇ ಏನೋ ಕೆಲಸ ಮಾಡುತ್ತಿದ್ದರಂತೆ, "ಯಾರ್ರೀ ಅದು ನನ್ನ ಸ್ಕ್ರೀನ್ ಲಾಕ್ ಮಾಡಿದ್ದು" ಅಂತ ಫೋನ್ ಮಾಡಿದರು. ಅದು ಬೇರೆ ವಿಷಯ: ಸಾದಾ ವಿಂಡೋಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿಗೆ ಒಂದು ಹೊತ್ತಿಗೆ ಒಬ್ಬರೇ.

ಆಮೇಲೆ ಎರಡೂ ಕಡೆ 1400ಕ್ಕೆ ಇಳಿಸಿ ಬಿಟ್ಟೆ. 1412 ಸರಿಯಾದ ಲೆಕ್ಕವೇ, ಆದರೆ ನಾಳೆ ಫೈಬರಿನವರು ತಮ್ಮ ಒಳಗಿನ ದಾರಿಯಲ್ಲಿ ಇನ್ನೊಂದು ಟ್ಯಾಗ್ ಸೇರಿಸಿದರೆ ನಾಲ್ಕು ಬೈಟಿಗೋಸ್ಕರ ಮತ್ತೆ ಇದೇ ರಾಮಾಯಣ ಬೇಡ. ರೂಟರಿನ ಫೈರ್‌ವಾಲಿನಲ್ಲಿ ವೈರ್‌ಗಾರ್ಡ್ ಇಂಟರ್‌ಫೇಸಿನಿಂದ ಹೊರಡುವ ಟಿಸಿಪಿಗೆ ಎಂಎಸ್‌ಎಸ್ ಕ್ಲ್ಯಾಂಪ್ ರೂಲನ್ನೂ ಹಾಕಿದೆ, ಡಬ್ಬಿ ಮಾಡುತ್ತಿದ್ದ ಉಪಕಾರವನ್ನು ಈಗ ಟನಲ್‌ನ ತುದಿಯಲ್ಲಿ, ಎನ್‌ಕ್ರಿಪ್ಟ್ ಆಗುವ ಮುಂಚೆ, ನಾವೇ ಮಾಡುವುದು.

ಸುತ್ತುವ ಲ್ಯಾಪ್‌ಟಾಪಿಗೆ ಮಾತ್ರ ಬೇರೆ ಅಳತೆ: 1280. ಅದು ಇವತ್ತು ಆಲ್ದೂರಿನಲ್ಲಿ ಮೊಬೈಲ್ ಡೇಟಾ, ನಾಳೆ ಯಾವುದೋ ಎಸ್ಟೇಟ್ ಬಂಗಲೆಯ ವೈಫೈ, ದಾರಿ ಯಾವ ಅಳತೆಯದೋ ಯಾರಿಗೆ ಗೊತ್ತು. 1280 ಅನ್ನುವುದು ಐಪಿವಿ6 ಯಾವುದೇ ಲಿಂಕಿನಲ್ಲೂ ಸಿಗಲೇಬೇಕು ಅಂತ ವಿಧಿಸಿರುವ ಕನಿಷ್ಠ ಅಳತೆ. ಟನಲ್ ಒಳಗೆ ಅದಕ್ಕಿಂತ ಕೆಳಗೆ ಇಳಿಸಿದರೆ ಒಳಗಿನ ಐಪಿವಿ6 ಕೆಡುತ್ತದೆ, ಮೇಲೆ ಇಟ್ಟರೆ ಅನಿಶ್ಚಿತ. ಇನ್ನೊಂದು ಅನುಕೂಲ, 1280 ಅನ್ನುವುದು 16ರ 80 ಪಟ್ಟು, ರೂಟರಿನ ಎಂಟಿಯು ಬೇರೆ ಇದ್ದರೂ ಈ ಅಳತೆಯ ಪ್ಯಾಕೆಟ್ ಉಬ್ಬುವುದಿಲ್ಲ. ಸ್ಪೀಡ್ ಹೋಗುತ್ತದಲ್ಲ ಅಂತ ಕೇಳುವವರಿಗೆ: 1412ರಲ್ಲಿ ಲೈನಿನ ಮೇಲೆ ಹೋಗುವ 1492 ಬೈಟಿನಲ್ಲಿ ಅಸಲಿ ಡೇಟಾ 1372, ಶೇಕಡಾ 92ರ ಹತ್ತಿರ. 1280ರಲ್ಲಿ 1360ಕ್ಕೆ 1240, ಶೇಕಡಾ 91ಕ್ಕಿಂತ ಸ್ವಲ್ಪ ಮೇಲೆ. ಶೇಕಡಾ ಒಂದೂ ವ್ಯತ್ಯಾಸ ಇಲ್ಲ. ಬಿಲ್ ಹಾಕುವವನಿಗೆ ಅದು ತಿಳಿಯುವುದೂ ಇಲ್ಲ.

ಯಜಮಾನರು ಒಂದು ಪ್ರಶ್ನೆ ಕೇಳಿದರು, ಬಹಳ ಜನ ಕೇಳುವುದೇ ಅದು: "ವೈಫೈಗೇ ಪಾಸ್‌ವರ್ಡ್ ಇದೆಯಲ್ಲಪ್ಪಾ, ಅದೂ ಎನ್‌ಕ್ರಿಪ್ಷನ್ನೇ ಅಲ್ವಾ, ಇನ್ನು ಇದೆಲ್ಲ ಯಾಕೆ?" ವೈಫೈ ಪಾಸ್‌ವರ್ಡ್ ಕಾಯುವುದು ಲ್ಯಾಪ್‌ಟಾಪಿನಿಂದ ಗೋಡೆ ಮೇಲಿನ ಡಬ್ಬಿಯವರೆಗಿನ ಗಾಳಿಯನ್ನು ಮಾತ್ರ. ಡಬ್ಬಿಯಲ್ಲಿ ಆ ಗಂಟು ಬಿಚ್ಚುತ್ತದೆ. ಅಲ್ಲಿಂದಾಚೆ ಹಾಸನದವರೆಗಿನ ದಾರಿಗೂ ಅದಕ್ಕೂ ಸಂಬಂಧ ಇಲ್ಲ. ಎಸ್ಟೇಟ್ ಬಂಗಲೆಯ ವೈಫೈ ಆದರೆ ಆ ಡಬ್ಬಿಯೂ ನಮ್ಮದಲ್ಲ. ಬೆಳೆಗಾರರ ಬ್ಯಾಂಕ್ ಖಾತೆ ನಂಬರ್, ಯಾರಿಗೆ ಯಾವ ದರ ಕೊಟ್ಟಿದ್ದು ಅನ್ನುವುದೆಲ್ಲ ಅದರಲ್ಲಿ ಹೋಗುತ್ತದೆ ಅಂದಾಗ ಅವರು ಮುಂದೆ ಮಾತಾಡಲಿಲ್ಲ. ದರದ ಮಾತು ಬಂದರೆ ವ್ಯಾಪಾರಿಗಳಿಗೆ ಬೇರೆ ವಿವರಣೆ ಬೇಡ.

ಉಳಿದದ್ದು ಕರೆಂಟಿನ ಕಥೆ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋಗಿ ಬಂದರೆ ಹಾಸನದ ರೂಟರಿಗೆ ಕೆಲವು ಸಲ ಬೇರೆ ಐಪಿವಿ6 ವಿಳಾಸ ಸಿಗುತ್ತದೆ. ಅದಕ್ಕೆ ಡೈನಮಿಕ್ ಡಿಎನ್‌ಎಸ್ ಹೆಸರು (ವಿಳಾಸ ಬದಲಾದರೂ ಹುಡುಕಲು ಸಿಗುವ ಹೆಸರು) ಕೊಟ್ಟಿದ್ದೇವೆ, ಆದರೆ ವಿಂಡೋಸ್‌ನ ವೈರ್‌ಗಾರ್ಡ್ ಆ ಹೆಸರನ್ನು ವಿಳಾಸ ಮಾಡಿಕೊಳ್ಳುವುದು ಟನಲ್ ಶುರುವಾಗುವಾಗ ಒಂದೇ ಸಲ. ಆಮೇಲೆ ವಿಳಾಸ ಬದಲಾದರೆ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಾ ಇರುತ್ತದೆ. ಅಂಗಡಿಯ ಡೆಸ್ಕ್‌ಟಾಪಿನಲ್ಲಿ ಟಾಸ್ಕ್ ಷೆಡ್ಯೂಲರ್‌ಗೆ ಒಂದು ಸಣ್ಣ ಸ್ಕ್ರಿಪ್ಟ್ ಹಾಕಿದ್ದೇನೆ: ಹಾಸನದ ಟನಲ್ ವಿಳಾಸಕ್ಕೆ ಪಿಂಗ್ ಸಿಗದಿದ್ದರೆ ಟನಲ್ ಸರ್ವಿಸನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದು. ಕೀಪ್‌ಅಲೈವ್, ಅಂದರೆ ದಾರಿ ಜೀವಂತ ಇರಲಿ ಅಂತ ಕಳಿಸುವ ಸಣ್ಣ ಪ್ಯಾಕೆಟ್, 25 ಸೆಕೆಂಡಿಗೆ ಇಟ್ಟಿದೆ. ಐಪಿವಿ6ನಲ್ಲಿ ನ್ಯಾಟ್ (ಹಲವರನ್ನು ಒಂದೇ ವಿಳಾಸದ ಹಿಂದೆ ಕೂರಿಸುವುದು) ಇಲ್ಲದಿದ್ದರೂ ಡಬ್ಬಿಯ ಫೈರ್‌ವಾಲ್ ಸುಮ್ಮನಿರುವ ಕನೆಕ್ಷನ್ನನ್ನು ಮರೆತುಬಿಡುತ್ತದೆ, ಮರೆತರೆ ಹಾಸನದಿಂದ ಈ ಕಡೆಗೆ ಏನೂ ಬರುವುದಿಲ್ಲ.

ಇನ್ನು ಲ್ಯಾಪ್‌ಟಾಪ್ ಕಳೆದು ಹೋದರೆ ಏನು ಅನ್ನುವುದನ್ನು ಮೇಡಂಗೆ ತೋರಿಸಿಕೊಟ್ಟಾಗಿದೆ. ಪ್ರತಿ ಮೆಷಿನಿಗೂ ಬೇರೆ ಬೇರೆ ಕೀ ಇದೆ, ಹಾಸನದ ರೂಟರಿನಲ್ಲಿ ಪೀರ್ (ಟನಲ್‌ಗೆ ಸೇರುವ ಮೆಷಿನ್) ಪಟ್ಟಿಯಲ್ಲಿ ಅದರ ಸಾಲು ಡಿಸೇಬಲ್ ಮಾಡಿದರೆ ಆ ಲ್ಯಾಪ್‌ಟಾಪಿಗೆ ಮಾತ್ರ ಬಾಗಿಲು ಬಂದ್, ಅಂಗಡಿಯ ಕೆಲಸ ನಿಲ್ಲುವುದಿಲ್ಲ. ಸಾಲುಗಳಿಗೆ "ಅಂಗಡಿ", "ಸುತ್ತುವ ಲ್ಯಾಪ್‌ಟಾಪ್" ಅಂತ ಕಾಮೆಂಟ್ ಹಾಕಿಟ್ಟಿದ್ದೇನೆ, ಕೀ ನೋಡಿ ಯಾವುದು ಯಾರದ್ದು ಅಂತ ಗುರುತಿಸುವುದು ಯಾರ ಕೈಲೂ ಆಗುವುದಿಲ್ಲ.